ಎಂಟುನೂರರಲ್ಲಿ ನಿಂತ ತೂಕ ಸಾವಿರದ ನಾನೂರರಲ್ಲಿ ಇಳಿಯುವುದು ಹೇಗೆ?

ದಿನಕ್ಕೆ 800 ಕ್ಯಾಲೊರಿ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುವವರಿಗೆ ಎರಡು ಉತ್ತರ ಸಿದ್ಧವಿರುತ್ತವೆ. ಜಿಮ್ಮಿನ ತರಬೇತುದಾರರು 'ನಿಮ್ಮ ಮೆಟಬಾಲಿಸಂ ಸತ್ತುಹೋಗಿದೆ, ದೇಹ ಕೊಬ್ಬನ್ನು ಬಿಗಿಹಿಡಿದು ಕೂತಿದೆ' ಅನ್ನುತ್ತಾರೆ. ಮನೆಯವರು 'ಯಾರಿಗೂ ಕಾಣದಂಗೆ ತಿಂತಿರ್ತೀಯ' ಅನ್ನುತ್ತಾರೆ. ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಸತ್ಯದ ಚೂರಿದೆ, ಹೇಳುವ ರೀತಿ ಮಾತ್ರ ಒರಟು. ಇಷ್ಟಾಗಿ, ಊಟವನ್ನು 1,400ರ ಆಸುಪಾಸಿಗೆ ಏರಿಸಿದ ಮೇಲೆ ನಿಂತಿದ್ದ ತೂಕ ಮತ್ತೆ ಇಳಿಯತೊಡಗುವುದೂ ನಿಜವೇ. ಇದು ಪವಾಡವಲ್ಲ, ಬರೀ ಲೆಕ್ಕ. ಕೂಡಿಸಿ ಕಳೆದು ನೋಡಿದರೆ ತುಂಬಾ ಸೊಗಸಾದ ಲೆಕ್ಕ.

ಕೊಬ್ಬನ್ನು ಬಿಗಿಹಿಡಿಯುವ ಕಥೆಯನ್ನು ಮೊದಲು ಮುಗಿಸೋಣ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ 36 ತರುಣರು ವಾಸವಿದ್ದರು. ಬಂದೂಕು ಹಿಡಿಯಲು ಮನಸ್ಸೊಪ್ಪದೆ, ಅದರ ಬದಲು ಹಸಿವಿನ ಪ್ರಯೋಗಕ್ಕೆ ಮೈಯೊಡ್ಡಿದವರು. ಯುರೋಪಿನಲ್ಲಿ ಹಸಿದು ಕಂಗಾಲಾದವರಿಗೆ ಮತ್ತೆ ಊಟ ಹಚ್ಚುವುದು ಹೇಗೆ ಎಂಬುದು ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿಯ ಪ್ರಶ್ನೆ. 24 ವಾರ ಅವರಿಗೆ ಕೊಟ್ಟದ್ದು ಆಲೂಗೆಡ್ಡೆ, ಟರ್ನಿಪ್ ಗೆಡ್ಡೆ, ಬ್ರೆಡ್, ಮ್ಯಾಕರೋನಿ. ಒಟ್ಟು ಸುಮಾರು 1,570 ಕ್ಯಾಲೊರಿ, ಅಂದರೆ ಮೊದಲಿನ ಊಟದ ಅರ್ಧ. ಜೊತೆಗೆ ವಾರಕ್ಕೆ 35 ಕಿಲೊಮೀಟರ್ ನಡಿಗೆ. ತೂಕದಲ್ಲಿ ನಾಲ್ಕನೇ ಒಂದು ಭಾಗ ಹೋಯಿತು. ಸುಮ್ಮನೆ ಮಲಗಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿ, ಅಂದರೆ ಬಿಎಂಆರ್, ಶೇ 40ರಷ್ಟು ಕುಸಿಯಿತು. ಆದರೂ ಮೈಯಲ್ಲಿ ಕೊಬ್ಬು ಇರುವವರೆಗೂ ಅದು ಕರಗುತ್ತಲೇ ಹೋಯಿತು. ಬಿಎಂಆರ್ ಕುಸಿತದಲ್ಲಿ ಹೆಚ್ಚಿನ ಪಾಲು ದೇಹವೇ ಚಿಕ್ಕದಾದದ್ದರಿಂದ ಬಂದದ್ದು. ಚಿಕ್ಕ ದೇಹಕ್ಕೆ ಖರ್ಚೂ ಚಿಕ್ಕದು.

ಆ ಪ್ರಯೋಗದ ವರದಿಯಲ್ಲಿ ಜನ ಓದದೆ ದಾಟಿಹೋಗುವ ಇನ್ನೊಂದು ಸಂಗತಿಯಿದೆ. ಆ ತರುಣರ ಕಾಲು, ಮುಖ ಊದಿಕೊಂಡವು. ಒಳಗೆ ಕೊಬ್ಬು, ಸ್ನಾಯು ಕರಗುತ್ತಿದ್ದರೆ ಅದರ ಜಾಗದಲ್ಲಿ ನೀರು ನಿಲ್ಲುತ್ತಿತ್ತು. ತಕ್ಕಡಿಗೆ ಕಾಣುವುದು ಎರಡರ ಮೊತ್ತ ಮಾತ್ರ. ಮುಂದೆ ಊಟ ಹೆಚ್ಚಿಸಿದಾಗಲೂ ಮೊದಮೊದಲು ಕೆಲವರ ತೂಕ ಏರಲಿಲ್ಲ. ತುಂಬಿದ ನೀರು ಹೊರಟುಹೋಗುತ್ತಿತ್ತು.

ಹಾಗಾದರೆ ದೇಹ ಹೊಂದಿಕೊಳ್ಳುವುದೇ ಇಲ್ಲವೇ? ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೊಂದು ಮಿತಿಯಿದೆ. 1995ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ರೂಡಾಲ್ಫ್ ಲೈಬೆಲ್ ತಂಡ ಅಳೆದು ನೋಡಿತು: ತೂಕ ಶೇ 10 ಇಳಿದವರ ದಿನದ ಖರ್ಚು, ದೇಹ ಚಿಕ್ಕದಾದದ್ದಕ್ಕೆ ಎಷ್ಟು ಇಳಿಯಬೇಕೋ ಅದಕ್ಕಿಂತ ಹೆಚ್ಚೇ ಇಳಿದಿತ್ತು. ಕೊಬ್ಬಿನ ಜೀವಕೋಶಗಳು ಸುರಿಸುವ ಲೆಪ್ಟಿನ್ ಎಂಬ ಹಾರ್ಮೋನ್ ಕಡಿಮೆಯಾಗುತ್ತದೆ, ಥೈರಾಯ್ಡಿನ ಟಿ3 ಹಾರ್ಮೋನ್ ಇಳಿಯುತ್ತದೆ, ಸ್ನಾಯು ಅದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮುಗಿಸುತ್ತದೆ. ಟಿವಿಯ ತೂಕ ಇಳಿಸುವ ಸ್ಪರ್ಧೆಯಲ್ಲಿದ್ದ 14 ಮಂದಿಯನ್ನು ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಆರು ವರ್ಷದ ನಂತರ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಂತೂ ವಿಶ್ರಾಂತಿಯ ಖರ್ಚು ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ಇದು ವಿಪರೀತದ ಉದಾಹರಣೆ. ಅವರು ಕಳೆದುಕೊಂಡಿದ್ದೂ ಒಬ್ಬೊಬ್ಬರು ಸರಾಸರಿ 58 ಕಿಲೊ.

'ದೇಹ ಕಡಿಮೆಗೆ ಒಗ್ಗಿಕೊಳ್ಳುತ್ತದೆ' ಎಂಬ ಮಾತು ನಮ್ಮ ದೇಶದಲ್ಲಿ ಡಯಟ್ಟಿಗಿಂತ ಗಂಭೀರವಾದ ಜಾಗಕ್ಕೂ ಹೋಗಿತ್ತು. ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ 1970–80ರ ದಶಕಗಳಲ್ಲಿ, ಕಡಿಮೆ ತಿನ್ನುವವರೆಲ್ಲ ಹಸಿದವರಲ್ಲ, ಒಂದು ಮಿತಿಯೊಳಗೆ ದೇಹ ನಷ್ಟವಿಲ್ಲದೆ ಹೊಂದಿಕೊಳ್ಳುತ್ತದೆ ಎಂದು ವಾದಿಸಿದರು. ಒಪ್ಪಿದ್ದರೆ ದೇಶದ ಹಸಿದವರ ಸಂಖ್ಯೆಯೇ ಕಾಗದದ ಮೇಲೆ ಕುಗ್ಗಿಬಿಡುತ್ತಿತ್ತು. ಪೌಷ್ಟಿಕ ತಜ್ಞ ಸಿ. ಗೋಪಾಲನ್ ಇದನ್ನು ಕಟುವಾಗಿ ವಿರೋಧಿಸಿದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ ಮತ್ತು ಜೊತೆಗಾರರು ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಗಂಡಸರ ಬಿಎಂಆರ್ ಅಳೆದರು. ಕಡಿಮೆಯೇನೋ ಇತ್ತು. ಆದರೆ ಅವರ ದೇಹದಲ್ಲಿದ್ದ ಸ್ನಾಯು ಮತ್ತಿತರ ಕೊಬ್ಬಿಲ್ಲದ ಭಾಗವೇ ಕಡಿಮೆಯಿತ್ತು, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವಿಶೇಷ ಮಿತವ್ಯಯವೇನೂ ಉಳಿಯಲಿಲ್ಲ.

ಅಂದಮೇಲೆ ಖರ್ಚು ಎಲ್ಲಿ ಕಡಿತವಾಗುತ್ತದೆ? ಹೆಚ್ಚಿನ ಪಾಲು ಓಡಾಟದಲ್ಲಿ. ವ್ಯಾಯಾಮವಲ್ಲ, ಅದರ ಹೊರಗಿನದು: ಕೂತಲ್ಲಿ ಕಾಲು ಅಲ್ಲಾಡಿಸುವುದು, ಮಾತಾಡುವಾಗ ಕೈ ಆಡಿಸುವುದು, ನಿಂತು ತರಕಾರಿ ಹೆಚ್ಚುವುದು, ಮರೆತ ಕನ್ನಡಕಕ್ಕೆ ಮತ್ತೆ ಮಹಡಿ ಹತ್ತುವುದು. ಸಂಬಳ ಅರ್ಧವಾದ ಮನೆ ಮೊದಲು ನಿಲ್ಲಿಸುವುದು ಬಾಡಿಗೆಯನ್ನಲ್ಲ, ಆಟೋವನ್ನು. ದೇಹವೂ ಹೃದಯ, ಮೆದುಳಿನ ಬಾಬ್ತಿಗೆ ಕೈಹಾಕುವ ಮೊದಲು ಈ ಚಿಲ್ಲರೆ ಓಡಾಟವನ್ನು ಮೊಟಕು ಮಾಡುತ್ತದೆ, ಅದೂ ನಮ್ಮ ಅರಿವಿಗೆ ಬಾರದಂತೆ. ಈ ಚಿಲ್ಲರೆ ಎಷ್ಟು ದೊಡ್ಡದು ಎಂಬುದನ್ನು ಮೇಯೋ ಕ್ಲಿನಿಕ್ಕಿನ ಜೇಮ್ಸ್ ಲೆವಿನ್ 1999ರಲ್ಲಿ ಉಲ್ಟಾ ದಿಕ್ಕಿನಿಂದ ತೋರಿಸಿದರು. 16 ಮಂದಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿ ಉಣಿಸಿದರೆ ಒಬ್ಬರಿಗೆ 400 ಗ್ರಾಮೂ ಕೊಬ್ಬು ಸೇರಲಿಲ್ಲ, ಇನ್ನೊಬ್ಬರಿಗೆ 4 ಕಿಲೊ ದಾಟಿತು. ವ್ಯತ್ಯಾಸದ ಮುಖ್ಯ ಕಾರಣ ಈ ಸುಮ್ಮನಿರಲಾರದ ಚಡಪಡಿಕೆಯೇ.

ಇನ್ನು ತಿಂದದ್ದರ ಲೆಕ್ಕ. ಬರೆದಿಟ್ಟ ಊಟಕ್ಕೂ ನಿಜವಾಗಿ ತಿಂದದ್ದಕ್ಕೂ ಎಷ್ಟು ದೂರ ಎಂದು ತಿಳಿಯಲು ಒಂದು ಚಂದದ ಉಪಾಯವಿದೆ. ಅದನ್ನು ಪ್ರಾಣಿಗಳಲ್ಲಿ ಮೊದಲು ಸಾಧಿಸಿದವರು ನೇಥನ್ ಲಿಫ್ಸನ್, ಅದೇ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ, 1950ರ ದಶಕದಲ್ಲಿ. ಕುಡಿಯುವ ನೀರಿನಲ್ಲಿ ಹೈಡ್ರೋಜನ್ನನ್ನೂ ಆಕ್ಸಿಜನ್ನನ್ನೂ ಅವುಗಳದೇ ಭಾರದ ರೂಪಗಳಿಂದ ಗುರುತು ಮಾಡಿ ಕೊಡುತ್ತಾರೆ. ವಿಕಿರಣ ಸೂಸದ, ಅಪಾಯವಿಲ್ಲದ ರೂಪಗಳು. ಗುರುತಿನ ಹೈಡ್ರೋಜನ್ ಮೂತ್ರ, ಬೆವರು, ಉಸಿರಿನ ತೇವದಲ್ಲಿ ನೀರಾಗಿ ಮಾತ್ರ ಹೊರಹೋಗಬಲ್ಲದು. ಗುರುತಿನ ಆಕ್ಸಿಜನ್‌ಗೆ ಎರಡು ಬಾಗಿಲು: ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡು ವಾರ ಮೂತ್ರದ ಮಾದರಿ ತೆಗೆದು ಎರಡರ ಇಳಿಕೆಯ ವೇಗವನ್ನು ಕಳೆದರೆ ಸಿಗುವುದು ಇಂಗಾಲದ ಡೈಆಕ್ಸೈಡ್, ಅದರಿಂದ ದೇಹ ಉರಿಸಿದ ಕ್ಯಾಲೊರಿ. ಈ ನೀರನ್ನು 1992ರಲ್ಲಿ ನ್ಯೂಯಾರ್ಕಿನಲ್ಲಿ, 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ಇಳಿಯುತ್ತಿಲ್ಲ ಎಂದ ಹತ್ತು ಮಂದಿಗೆ ಕುಡಿಸಿದರು. ಅವರ ಮೆಟಬಾಲಿಸಂ ಸರಿಯಾಗೇ ಇತ್ತು. ತಿಂದದ್ದನ್ನು ಸರಾಸರಿ ಶೇ 47 ಕಡಿಮೆಯಾಗಿ, ಓಡಾಟವನ್ನು ಶೇ 51 ಹೆಚ್ಚಾಗಿ ಬರೆದಿದ್ದರು. ಬೇಕಂತಲೇ ಅಲ್ಲ. ಸೌಟಿನಲ್ಲಿ ಸುರಿದ ಒಗ್ಗರಣೆ ಎಣ್ಣೆಯನ್ನು 'ಸ್ವಲ್ಪ' ಎಂದು ಬರೆಯುವುದು ಎಲ್ಲರ ರೂಢಿ. ಆ ಸ್ವಲ್ಪ 15 ಮಿಲಿ ಇದ್ದರೆ 120 ಕ್ಯಾಲೊರಿ.

ಈಗ ಇವೆಲ್ಲವನ್ನೂ ಒಂದು ದೇಹದೊಳಗೆ ಇಟ್ಟು ನೋಡೋಣ. 35 ವರ್ಷ, 160 ಸೆಂ.ಮೀ., 72 ಕಿಲೊ, ಕೂತು ಮಾಡುವ ಕೆಲಸದ ಮಹಿಳೆ ಅಂದುಕೊಳ್ಳಿ. ಮಿಫ್ಲಿನ್ ಸೂತ್ರದಂತೆ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿ, ವಯಸ್ಸಿನ ಐದು ಪಟ್ಟನ್ನೂ 161ನ್ನೂ ಕಳೆದರೆ ಬಿಎಂಆರ್ 1,384. (ಗಂಡಸರಾದರೆ 161 ಕಳೆಯುವ ಬದಲು 5 ಕೂಡಬೇಕು.) ಮಾಮೂಲಿ ಓಡಾಟಕ್ಕೆ 1.4ರಿಂದ ಗುಣಿಸಿದರೆ ದಿನದ ಖರ್ಚು ಸುಮಾರು 1,940. 800ರ ಡಯಟ್ಟಿನಲ್ಲಿ ಬಿಎಂಆರ್ ಶೇ 10 ಇಳಿದು, ಓಡಾಟ ಕುಗ್ಗಿ ಗುಣಕ 1.25ಕ್ಕೆ ಬಂತು ಅನ್ನಿ. ಖರ್ಚು 1,557 ಆಯಿತು. ತಿಂದದ್ದು? ಸೋಮವಾರದಿಂದ ಶುಕ್ರವಾರ 800ರಂತೆ 4,000. ಶನಿವಾರ ತಡೆಯಲಾಗದೆ, ಭಾನುವಾರ ಮದುವೆಮನೆಯಲ್ಲಿ, 3,000ದಂತೆ 6,000. ಏಳರಿಂದ ಭಾಗಿಸಿದರೆ 1,430. ಅಂತರ ದಿನಕ್ಕೆ ಬರೀ 127. ಒಂದು ಕಿಲೊ ಕೊಬ್ಬಿಗೆ 7,700ರ ಲೆಕ್ಕದಲ್ಲಿ ವಾರಕ್ಕೆ ಕರಗುವುದು 115 ಗ್ರಾಮ್. ಭಾನುವಾರದ ಉಪ್ಪು ಹಿಡಿದಿಟ್ಟ ನೀರೇ ಒಂದು ಕಿಲೊ ಇರುವಾಗ ಈ 115 ಗ್ರಾಮ್ ಯಾವ ತಕ್ಕಡಿಗೆ ಕಂಡೀತು?

ಇದೇ ಮಹಿಳೆ ಏಳೂ ದಿನ ಸಮವಾಗಿ 1,430 ತಿಂದರೆ? ಒಂದೆರಡು ವಾರದಲ್ಲಿ ಮೈಗೆ ಚೈತನ್ಯ ಬಂದು, ಓಡಾಟ ಮರಳಿ, ಖರ್ಚು 1,800ಕ್ಕೆ ಬಂತು ಅನ್ನಿ. ಅಂತರ 370, ವಾರಕ್ಕೆ ಸುಮಾರು 335 ಗ್ರಾಮ್. ವಾರದ ಒಟ್ಟು ಊಟ ಒಂದು ತುತ್ತೂ ಹೆಚ್ಚಾಗಿಲ್ಲ! ಹಂಚಿಕೆ ಬದಲಾಯಿತು, ಖರ್ಚು ವಾಪಸ್ ಬಂತು, ಅಷ್ಟೇ. ಇಲ್ಲಿನ ಗುಣಕಗಳು ಉದಾಹರಣೆಗೆ ಇಟ್ಟುಕೊಂಡವು, ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತವೆ. ದಿಕ್ಕು ಮಾತ್ರ ಇದೇ.

ಏಳೂ ದಿನ ನಿಜಕ್ಕೂ 800 ತಿಂದವರ ತೂಕ ಇಳಿದೇ ಇಳಿಯುತ್ತದೆ. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದಲ್ಲಿ 3ರಿಂದ 5 ತಿಂಗಳು 825–853 ಕ್ಯಾಲೊರಿಯಲ್ಲಿದ್ದ ಮಧುಮೇಹಿಗಳಲ್ಲಿ ಶೇ 46 ಮಂದಿಗೆ ವರ್ಷದ ಕೊನೆಗೆ ಔಷಧವಿಲ್ಲದೆ ಸಕ್ಕರೆ ಹತೋಟಿಯಲ್ಲಿತ್ತು. ಆದರೆ ಅಲ್ಲಿ ಎಲ್ಲ ಪೋಷಕಾಂಶ ಸೇರಿಸಿದ ಪುಡಿಯಿತ್ತು, ಮಧುಮೇಹ ಮತ್ತು ಬಿಪಿ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸುವ ವೈದ್ಯರಿದ್ದರು, ಕೊನೆಗೆ 2ರಿಂದ 8 ವಾರ ಹಂತಹಂತವಾಗಿ ಊಟಕ್ಕೆ ಮರಳುವ ಯೋಜನೆಯಿತ್ತು. ಇದ್ಯಾವುದೂ ಇಲ್ಲದೆ 1970ರ ದಶಕದ ಅಮೆರಿಕದಲ್ಲಿ ಚರ್ಮ, ಮೂಳೆಗಳಿಂದ ತೆಗೆದ ಕಳಪೆ ಪ್ರೋಟೀನಿನ ದ್ರವ ಕುಡಿದು ತೂಕ ಇಳಿಸಿದವರಲ್ಲಿ ಸುಮಾರು 60 ಮಂದಿ ಸತ್ತರು, ಹಲವರು ಹೃದಯದ ಬಡಿತ ಏರುಪೇರಾಗಿ. ನಿಂಬೆಹಣ್ಣಿನ ಪಾನಕದ ಮೇಲೆ 15 ದಿನ ಇರಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರು ಇದನ್ನು ಓದಿಕೊಳ್ಳಲಿ.

ಊಟ ಏರಿಸುವ ಕ್ರಮಕ್ಕೆ ಬರೋಣ. ಹತ್ತು ದಿನಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮೆ ಏನೂ ತಿನ್ನದಿದ್ದವರು, ತೀರಾ ಕೃಶರಾದವರು ಮನೆಯಲ್ಲಿ ಇದನ್ನು ಮಾಡಬಾರದು. ಒಮ್ಮೆಲೇ ಪಿಷ್ಟ ಒಳಗೆ ಹೋದಾಗ ಇನ್ಸುಲಿನ್ ಏರಿ, ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಜೀವಕೋಶಗಳೊಳಗೆ ನುಗ್ಗಿ ಹೃದಯ ತತ್ತರಿಸಬಹುದು. ಇನ್ಸುಲಿನ್, ಸಕ್ಕರೆ ಮಾತ್ರೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಿಯೇ ಶುರುಮಾಡಬೇಕು.

ಉಳಿದವರು ಮೊದಲ ವಾರ ಏನನ್ನೂ ಬದಲಿಸದೆ ಅಳೆಯಿರಿ. ಒಂದು ಗ್ರಾಮ್‌ವರೆಗೆ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಅಕ್ಕಿ, ಬೇಳೆ, ಹಿಟ್ಟನ್ನು ಹಸಿಯಾಗಿರುವಾಗಲೇ ತೂಗಿ. ಬೆಂದಮೇಲೆ ನೀರು ಸೇರಿ ಲೆಕ್ಕ ಕೆಡುತ್ತದೆ. ಎಣ್ಣೆಗೆ ಒಂದು ಸುಲಭ ದಾರಿ: ಅಡುಗೆಗೆ ಮುಂಚೆ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಅಂಕಿ ಬರೆದುಕೊಳ್ಳಿ, ಅಡುಗೆ ಮುಗಿದ ಮೇಲೆ ಮತ್ತೆ ಇಡಿ. ವ್ಯತ್ಯಾಸದ ಪ್ರತಿ ಗ್ರಾಮಿಗೆ 9 ಕ್ಯಾಲೊರಿ. ನಾಲ್ಕು ಜನರ ಮನೆಯಾದರೆ ನಾಲ್ಕರಿಂದ ಭಾಗಿಸಿ. ತೆಂಗಿನತುರಿಯನ್ನೂ ಬಿಡಬೇಡಿ, 30 ಗ್ರಾಮಿಗೆ 100 ದಾಟುತ್ತದೆ.

ಏರಿಸುವಾಗ ಪ್ರೋಟೀನ್ ಮೊದಲು, ಧಾನ್ಯ ಆಮೇಲೆ, ಎಣ್ಣೆ ತುಪ್ಪ ಕೊನೆಗೆ. ಗುರಿಯ ತೂಕದ ಪ್ರತಿ ಕಿಲೊಗೆ 1.2ರಿಂದ 1.6 ಗ್ರಾಮ್ ಪ್ರೋಟೀನ್ ಬೇಕು, ಅಂದರೆ 60 ಕಿಲೊ ಗುರಿಗೆ ಕನಿಷ್ಠ 72 ಗ್ರಾಮ್. (ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಅಂಕಿ ಅಲ್ಲ.) ಸಸ್ಯಾಹಾರದಲ್ಲಿ ಇದು ಕಷ್ಟ ಎನ್ನುವವರು ಈ ದಿನವನ್ನು ತೂಗಿ ನೋಡಲಿ: ಟೋನ್ಡ್ ಹಾಲು 200 ಮಿಲಿ, ತಲಾ 30 ಗ್ರಾಮ್ ಹಿಟ್ಟಿನ ಮೂರು ಚಪಾತಿ, 50 ಗ್ರಾಮ್ ಹೆಸರುಕಾಳು ಮೊಳಕೆ ಕಟ್ಟಿ, 40 ಗ್ರಾಮ್ ತೊಗರಿಬೇಳೆಯ ಹುಳಿ, 150 ಗ್ರಾಮ್ ಅನ್ನ (ಇದು ಮಾತ್ರ ಬೆಂದ ಮೇಲಿನ ತೂಕ), 200 ಗ್ರಾಮ್ ಮೊಸರು, ಪಲ್ಯಕ್ಕೆ 40 ಗ್ರಾಮ್ ಸೋಯಾ ಚಂಕ್ಸ್, 400 ಗ್ರಾಮ್ ತರಕಾರಿ, ಎಲ್ಲಕ್ಕೂ ಸೇರಿ 20 ಗ್ರಾಮ್ ಎಣ್ಣೆ. ಸುಮಾರು 1,450 ಕ್ಯಾಲೊರಿ, 75 ಗ್ರಾಮ್ ಪ್ರೋಟೀನ್. ಮೊಟ್ಟೆ ತಿನ್ನುವವರಿಗೆ ಇನ್ನೂ ಸಲೀಸು.

800ರಿಂದ 1,450ಕ್ಕೆ ಮೂರು ಹಂತದಲ್ಲಿ, ಮೂರು ವಾರದಲ್ಲಿ ಹೋದರೆ ಸಾಕು. ವಾರಕ್ಕೆ 50 ಕ್ಯಾಲೊರಿ ಏರಿಸುತ್ತ ತಿಂಗಳುಗಟ್ಟಲೆ ತೆವಳುವ ಪದ್ಧತಿಗೆ ಜಿಮ್ಮುಗಳಲ್ಲಿ ಬಹಳ ಮರ್ಯಾದೆ, ಆದರೆ ಅದಕ್ಕೆ ಗಟ್ಟಿ ಆಧಾರವಿಲ್ಲ. ಡಯಟ್ಟಿನಿಂದ ಮುಟ್ಟು ನಿಂತಿದ್ದರೆ, ಚಳಿ ಚಳಿ ಎನಿಸುತ್ತಿದ್ದರೆ, ಎದ್ದಾಗ ತಲೆ ಸುತ್ತುತ್ತಿದ್ದರೆ 1,450ರಲ್ಲಿ ನಿಲ್ಲದೆ ತೂಕ ಸ್ಥಿರವಾಗಿರುವ ಮಟ್ಟಕ್ಕೆ, ಈ ಉದಾಹರಣೆಯಲ್ಲಿ 1,800ಕ್ಕೆ, ಹೋಗಿ ನಾಲ್ಕು ವಾರ ಅಲ್ಲೇ ಇರಿ. ಆಮೇಲೂ ಮುಟ್ಟು ಬಾರದಿದ್ದರೆ ಡಯಟ್ಟಿನ ಮಾತು ಬಿಟ್ಟು ಸ್ತ್ರೀರೋಗ ತಜ್ಞರನ್ನು ಕಾಣಿ. ವಾರಕ್ಕೆ ಎರಡು ಮೂರು ಸಲ ಭಾರ ಎತ್ತುವ ವ್ಯಾಯಾಮ, ದಿನಕ್ಕೆ ಏಳೆಂಟು ಸಾವಿರ ಹೆಜ್ಜೆ ಜೊತೆಗಿರಲಿ. ಹೆಜ್ಜೆ ಎಣಿಸುವುದು ಕೊಬ್ಬು ಉರಿಸಲಿಕ್ಕಿಂತ, ನಿಮಗೆ ಗೊತ್ತಿಲ್ಲದೆ ಓಡಾಟ ಕುಗ್ಗುತ್ತಿದೆಯೇ ಎಂದು ತಿಳಿಯಲಿಕ್ಕೆ.

ಹೆಚ್ಚಿನವರು ಕೈಚೆಲ್ಲುವುದು ನಾಲ್ಕನೇ ದಿನ. ತಕ್ಕಡಿ ಒಂದೂವರೆ ಕಿಲೊ ಮೇಲೆ ತೋರಿಸುತ್ತದೆ, ಎದೆ ಒಡೆಯುತ್ತದೆ, ಮರುದಿನ ಮತ್ತೆ 800. ಆ ಒಂದೂವರೆ ಕಿಲೊ ಕೊಬ್ಬಾಗಿರಲು ಖರ್ಚಿನ ಮೇಲೆ 11,500 ಕ್ಯಾಲೊರಿ ಹೆಚ್ಚುವರಿ ತಿಂದಿರಬೇಕು. ನೀವು ಸೇರಿಸಿದ್ದು ದಿನಕ್ಕೆ 200. ಬರಿದಾಗಿದ್ದ ಯಕೃತ್ತು, ಸ್ನಾಯುಗಳು ಗ್ಲೈಕೊಜನ್, ಅಂದರೆ ದೇಹದ ಸಕ್ಕರೆಯ ದಾಸ್ತಾನು, ತುಂಬಿಕೊಳ್ಳುತ್ತಿವೆ, ಅದರ ಒಂದೊಂದು ಗ್ರಾಮಿಗೂ ಸುಮಾರು 3 ಗ್ರಾಮ್ ನೀರು ಅಂಟಿಕೊಂಡು ಬರುತ್ತದೆ. ಕರುಳಿನಲ್ಲೂ ಈಗ ಊಟವಿದೆ. ಹಾಗಾಗಿ ದಿನವೂ ಬೆಳಿಗ್ಗೆ ಶೌಚವಾದ ಮೇಲೆ ತೂಗಿ, ಏಳು ದಿನದ ಸರಾಸರಿಯನ್ನು ಮಾತ್ರ ನೋಡಿ. ಮುಟ್ಟಾಗುವವರು ಈ ವಾರವನ್ನು ಹಿಂದಿನ ವಾರಕ್ಕಲ್ಲ, ನಾಲ್ಕು ವಾರ ಹಿಂದಿನದಕ್ಕೆ ಹೋಲಿಸಿ.

ಒಂದು ತಿಂಗಳ ಸರಾಸರಿ ಇಳಿಯದಿದ್ದರೆ ಮೊದಲು ಎಣ್ಣೆ ಬಾಟಲಿಯನ್ನೂ ಭಾನುವಾರವನ್ನೂ ಮತ್ತೆ ತೂಗಿ. ಅದೂ ಸರಿಯಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅದೂ ಸರಿಯಿದ್ದರೆ 100 ಕ್ಯಾಲೊರಿ ಕಡಿಮೆ ಮಾಡಿ, ಅದು ಧಾನ್ಯದಿಂದ, ಪ್ರೋಟೀನಿನಿಂದಲ್ಲ. ಪ್ರತಿ ಐದು ಕಿಲೊ ಇಳಿದಾಗ ಮೇಲಿನ ಸೂತ್ರವನ್ನು ಹೊಸ ತೂಕಕ್ಕೆ ಮತ್ತೊಮ್ಮೆ ಹಾಕಿ. ಖರ್ಚು ಸುಮಾರು 70 ಕ್ಯಾಲೊರಿ ಇಳಿದಿರುತ್ತದೆ, ಒಂದು ತೆಳು ಚಪಾತಿಗಿಂತ ಕಡಿಮೆ.