ಗೇಮ್ ಒಂದೂ ಕೊಂಡಿಲ್ಲ, ದುಡ್ಡು ಮಾತ್ರ ಹೋಗಿದೆ

ಅಕ್ಕನ ಮಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಎಂಜಿನಿಯರಿಂಗ್ ಓದುತ್ತಿದ್ದಾನೆ. ದೀಪಾವಳಿಗೆ ಮನೆಗೆ ಬಂದಾಗ, ವರ್ಷಕ್ಕೆ ಎಷ್ಟು ಗೇಮ್ ಕೊಳ್ಳುತ್ತೀಯ ಅಂತ ಸುಮ್ನೆ ಕೇಳಿದೆ. ‘ಒಂದೂ ಇಲ್ಲ ಮಾಮಾ, ನಾ ಆಡೂದೆಲ್ಲಾ ಫ್ರೀನ’ ಅಂದ. ನಾನು ಬಿಡಲಿಲ್ಲ. ಫೋನಿನಲ್ಲಿ ಯುಪಿಐ ಹಿಸ್ಟರಿ ತೆಗೆಸಿ, ಹಳೇ ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಾ ಎಣಿಸಿದೆವು. ಒಂದು ವರ್ಷದಲ್ಲಿ 41 ಸಲ ದುಡ್ಡು ಹೋಗಿತ್ತು. ಬಹಳಷ್ಟು ನೂರು ರೂಪಾಯಿ ಒಳಗಿನವೇ. ಒಟ್ಟು ಮಾಡಿದರೆ 3,600 ಚಿಲ್ಲರೆ. ಹುಡುಗ ನನಗಿಂತ ಜಾಸ್ತಿ ಬೆಚ್ಚಿದ.

ಅವನು ಸುಳ್ಳು ಹೇಳಿರಲಿಲ್ಲ. ಕೊಂಡಿದ್ದು ಗೇಮ್ ಅಲ್ಲವೇ ಅಲ್ಲ, ಗೇಮಿನೊಳಗಿನ ಪಾತ್ರಕ್ಕೆ ಹಾಕುವ ಅಂಗಿ, ಬಂದೂಕಿನ ಬಣ್ಣ, ಆಡುತ್ತಾ ಹೋದಂತೆ ಬಹುಮಾನ ಕೊಡುವ ಸೀಸನ್ ಪಾಸ್.

ಗೇಮನ್ನೇ ಕೊಳ್ಳುವವರು ಶ್ರೀಮಂತ ದೇಶಗಳಲ್ಲೂ ನಾವು ಅಂದುಕೊಂಡಷ್ಟು ಇಲ್ಲ. ಅಮೆರಿಕದ ಆಟಗಾರರ ಬಗ್ಗೆ ಸರ್ಕಾನಾ ಅನ್ನುವ ಸಂಸ್ಥೆ 2025ರಲ್ಲಿ ಕೊಟ್ಟ ಲೆಕ್ಕದಲ್ಲಿ, ತಿಂಗಳಿಗೆ ಒಂದಕ್ಕಿಂತ ಹೆಚ್ಚು ಗೇಮ್ ಕೊಳ್ಳುವವರು ಶೇ 4ರಷ್ಟು ಮಾತ್ರ, ಸುಮಾರು ಮೂರನೇ ಒಂದು ಪಾಲು ಜನ ಕೊಳ್ಳುವುದೇ ಇಲ್ಲ. ಅಲ್ಲಿ ದೊಡ್ಡ ಗೇಮ್ ಒಂದಕ್ಕೆ 70 ಡಾಲರ್. ನಮ್ಮಲ್ಲಿ ಪ್ಲೇಸ್ಟೇಷನ್ 5ರ ದೊಡ್ಡ ಗೇಮಿಗೆ ₹4,999 ಇಟ್ಟಿದ್ದಾರೆ. ಧಾರವಾಡದ ಸಪ್ತಾಪುರಕ್ಕೆ ಕೋಚಿಂಗಿಗೆ ಬಂದ ಹುಡುಗನಿಗೆ ಆ ದುಡ್ಡಲ್ಲಿ ತಿಂಗಳ ಮೆಸ್ ಬಿಲ್ ಮುಗಿಯುತ್ತದೆ.

ಹಾಗಿದ್ದರೆ ಒಂದೇ ಸಲ 3,600 ಕೊಡು ಅಂದಿದ್ದರೆ ನನ್ನ ಅಳಿಯ ಕೊಡುತ್ತಿದ್ದನಾ? ಖಂಡಿತ ಇಲ್ಲ. ಮತ್ತೆ ಅದು ಹೋಗಿದ್ದು ಹೇಗೆ?

ನಾವು ಚಿಕ್ಕವರಿದ್ದಾಗ ವಿಡಿಯೊ ಗೇಮ್ ಪಾರ್ಲರಿನ ಮಷೀನಿಗೆ ಕಾಯಿನ್ ಹಾಕಿ ಆಡುತ್ತಿದ್ದೆವು. ಮುಷ್ಟಿಯಲ್ಲಿ ನಾಲ್ಕು ಕಾಯಿನ್ ಬೆವರಿಗೆ ಒದ್ದೆಯಾಗಿರುತ್ತಿದ್ದವು, ಒಂದು ಒಳಗೆ ಬಿದ್ದರೆ ಮೂರು ಉಳಿದವು ಅನ್ನೋದು ಕೈಗೇ ಗೊತ್ತಾಗುತ್ತಿತ್ತು. ಕೊನೆಯದನ್ನು ಹಾಕುವ ಮುಂಚೆ ಹೊಟ್ಟೆಯಲ್ಲಿ ಏನೋ ಸಂಕಟ. ಅದಕ್ಕೆ ಅರ್ಥಶಾಸ್ತ್ರದಲ್ಲಿ ಹೆಸರೇ ಇದೆ, ದುಡ್ಡು ಕೊಡುವ ನೋವು. ಡ್ರಾಜೆನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೀನ್ 1998ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ದುಡ್ಡು ಕೊಡುವ ಗಳಿಗೆ ಮತ್ತು ಮಜಾ ಅನುಭವಿಸುವ ಗಳಿಗೆ ದೂರ ದೂರವಾದಷ್ಟೂ ಈ ನೋವು ಮಜಾವನ್ನು ಕೆಡಿಸೋದು ಕಡಿಮೆ. 2001ರಲ್ಲಿ ಇದೇ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಜೊತೆ ಸೇರಿ, ವಿದ್ಯಾರ್ಥಿಗಳ ಮುಂದೆ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗಿಟ್ಟರು. ಕಾರ್ಡಿನಲ್ಲಿ ಕೊಡಬಹುದು ಅಂತ ತಿಳಿದವರು ನಗದು ಕೊಡಬೇಕಾದವರಿಗಿಂತ ಸುಮಾರು ಎರಡರಷ್ಟು ಕೂಗಿದರು. ಅದೇ ಟಿಕೆಟ್, ಅದೇ ಪಂದ್ಯ!

ಕ್ರೆಡಿಟ್ ಕಾರ್ಡ್ ಸಾಲ, ಯುಪಿಐ ನಮ್ಮದೇ ಖಾತೆಯ ದುಡ್ಡು, ಎರಡೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ 2016ರಲ್ಲಿ ಯುಪಿಐ ಬಂದ ಮೇಲೆ ನೋಟು ಎಣಿಸುವ ಆ ಗಳಿಗೆಯೇ ಮಾಯವಾಯಿತು ಅಲ್ವಾ. ಗೇಮಿನವರು ಅದರ ಮೇಲೆ ಇನ್ನೊಂದು ಪರದೆ ಎಳೆದಿದ್ದಾರೆ. ರೂಪಾಯಿ ಕೊಟ್ಟು ಗೇಮಿನ ನಾಣ್ಯ ತಗೋಬೇಕು, ನಾಣ್ಯ ಕೊಟ್ಟು ಅಂಗಿ ತಗೋಬೇಕು. ನೋವು ಮೊದಲ ಸಲಕ್ಕೇ ಮುಗಿದಿರುತ್ತದೆ, ಆಮೇಲೆ ಖರ್ಚಾಗುವುದು ರೂಪಾಯಿ ಅಂತ ಅನಿಸುವುದೇ ಇಲ್ಲ. ಅಂಗಿಗೆ 50 ನಾಣ್ಯ, ಅವರು ಮಾರುವ ನಾಣ್ಯದ ಪೊಟ್ಟಣದಲ್ಲಿ 60 ಅಂತ ಇಟ್ಟುಕೊಳ್ಳಿ. ಹತ್ತು ಉಳಿಯುತ್ತದೆ. ಹತ್ತಕ್ಕೆ ಏನೂ ಬರುವುದಿಲ್ಲ, ಬಿಡಲೂ ಮನಸ್ಸಿಲ್ಲ, ಇನ್ನೊಂದು ಪೊಟ್ಟಣ ತಗೋ.

2006ರಲ್ಲಿ ಆಬ್ಲಿವಿಯನ್ ಅನ್ನುವ ಗೇಮಿನಲ್ಲಿ ಕುದುರೆಗೆ ಹಾಕುವ ಕವಚವನ್ನು ಎರಡೂವರೆ ಡಾಲರಿಗೆ ಮಾರಾಟಕ್ಕಿಟ್ಟಾಗ ಜನ ನಕ್ಕಿದ್ದರು. ಈಗ ಆ ದಾರಿಯಲ್ಲೇ ಎಲ್ಲರೂ ನಡೆದಿದ್ದಾರೆ.

ಈ ಅಂಗಿ ಹಾಕಿಕೊಂಡರೆ ಗುರಿ ಏನೂ ಚುರುಕಾಗುವುದಿಲ್ಲ. ‘ಮತ್ಯಾಕ ತಗೊಂಡಿ?’ ಅಂದೆ. ‘ರೂಮಿನ್ಯಾಗ ನಾಲ್ಕೂ ಮಂದಿ ಹಾಕ್ಕೊಂಡಾರ, ನಾ ಒಬ್ಬನ ಹಳೇ ಅಂಗೀಲೆ ನಿಲ್ಲೂದು ಹೆಂಗ?’ ಸಿದ್ಧಾರೂಢರ ಜಾತ್ರೆಗೆ ಹಳೇ ಶರ್ಟ್ ಹಾಕ್ಕೊಂಡು ಹೋಗು ಅಂದಾಗ ನಾನೂ ನಮ್ಮವ್ವನಿಗೆ ಇದನ್ನೇ ಹೇಳಿದ್ದೆ. ಅಂಗಿ ಕೊಳ್ಳೋದು ನಾಲ್ಕು ಜನ ನೋಡಲಿ ಅಂತಲೇ. ಫ್ರೀ ಗೇಮ್ ಆಡುವ ಬಹುಪಾಲು ಜನ ಬಿಡಿಗಾಸೂ ಬಿಚ್ಚುವುದಿಲ್ಲ, ಸಣ್ಣ ಗುಂಪೊಂದು ಸುರಿಯುವ ದುಡ್ಡಲ್ಲೇ ಈ ಗೇಮುಗಳು ನಡೆಯುತ್ತವೆ. ಆ ಗುಂಪಿಗೆ ಗೇಮಿನವರು ಇಟ್ಟ ಹೆಸರು ತಿಮಿಂಗಿಲ. ಆದರೆ ಬಿಚ್ಚದವರೂ ದಂಡಕ್ಕಲ್ಲ. ಅವರಿಲ್ಲದಿದ್ದರೆ ಹೊಸ ಅಂಗಿ ತೋರಿಸೋದು ಯಾರಿಗೆ?

ಇನ್ನು ನನ್ನ ಕಥೆ. ನಾನು ಗೇಮಿನೊಳಗೆ ನಯಾಪೈಸೆ ಹಾಕುವವನಲ್ಲ, ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸೇಲ್ ಬಂದಾಗ ಮಾತ್ರ ಇಡೀ ಗೇಮ್ ಕೊಳ್ಳುತ್ತೇನೆ. ಜಾಣ ಅಂದುಕೊಂಡಿದ್ದೆ. ದುರ್ಗದಬೈಲಿನಲ್ಲಿ ಬ್ಯಾಗ್ ಕೊಳ್ಳಲು ಹೋದರೆ ಅಂಗಡಿಯವ ಎಂಟುನೂರು ಅಂತಾನೆ, ನಾವು ಮುನ್ನೂರು ಅಂತೀವಿ, ನಾನೂರಕ್ಕೆ ತಂದು ಅರ್ಧ ಉಳಿಸಿದೆ ಅಂತ ಮನೆಯಲ್ಲಿ ಕೊಚ್ಚಿಕೊಳ್ಳುತ್ತೀವಿ. ಬ್ಯಾಗಿನ ನಿಜವಾದ ಬೆಲೆ ಎಂಟುನೂರು ಅಂತ ಹೇಳಿದ್ದು ಯಾರು? ಮನಶ್ಶಾಸ್ತ್ರಜ್ಞರಾದ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ತೋರಿಸಿದ್ದು ಇದನ್ನೇ. ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟಿವೆ ಅಂತ ಕೇಳಿದರು. ಚಕ್ರ 10ಕ್ಕೆ ನಿಂತವರ ಉತ್ತರ 25ರ ಆಸುಪಾಸು, 65ಕ್ಕೆ ನಿಂತವರದು 45ರ ಆಸುಪಾಸು. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ? ಏನೂ ಇಲ್ಲ. ಮೊದಲು ಕಣ್ಣಿಗೆ ಬಿದ್ದ ಅಂಕಿ ತಲೆಯಲ್ಲಿ ಗೂಟ ಹೊಡೆದುಕೊಂಡು ಕೂತುಬಿಡುತ್ತದೆ, ನಾವು ಅದರ ಸುತ್ತ ತಿರುಗುತ್ತೇವೆ. ಸೇಲಿನಲ್ಲಿ ಗೀಟು ಹಾಕಿದ ಹಳೇ ಬೆಲೆ ಆ ಗೂಟ.

ಡಿಸ್ಕ್ ಕೊಳ್ಳುವ ಗೆಳೆಯನೊಬ್ಬನಿದ್ದಾನೆ, ಆಡಿ ಮುಗಿಸಿ ಮಾರಿಬಿಡುತ್ತಾನೆ. ಅವನಿಗೆ ಬೆಲೆ ಅಂದರೆ ಕೊಂಡಿದ್ದಕ್ಕೂ ಮಾರಿದ್ದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಡೌನ್‌ಲೋಡ್ ಮಾಡಿದ್ದನ್ನು ಮಾರಲಾಗದು. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ವಾಪಸ್ ಕೊಡಬಹುದು. ಆದರೆ ನನ್ನ ರೋಗಕ್ಕೆ ಅದು ಮದ್ದಲ್ಲ. 14 ದಿನದಲ್ಲಿ ನಾನು ಗೇಮನ್ನು ಇನ್‌ಸ್ಟಾಲ್ ಮಾಡಿದರೆ ತಾನೇ. ಹುಡುಗನಾಗಿದ್ದಾಗ ಟೈಮಿತ್ತು, ದುಡ್ಡಿರಲಿಲ್ಲ. ಈಗ ಉಲ್ಟಾ. ಭಾನುವಾರ ಸಂಜೆ ಕೂತು 80 ಜಿಬಿ ಇಳಿಸೋಕೆ ಶುರು ಮಾಡಿ, ಅರ್ಧಕ್ಕೆ ಕರೆಂಟ್ ಹೋಗಿ, ಎದ್ದು ಗಿರ್ಮಿಟ್ ತರಲು ಹೋಗುವುದೇ ನನ್ನ ಗೇಮಿಂಗ್.

ಅಳಿಯನ 41 ಗೀಟು ಎಣಿಸಿ ಮುಗಿಸಿದ ಮೇಲೆ ಅವನು ನನ್ನ ಲ್ಯಾಪ್‌ಟಾಪ್ ಎಳೆದುಕೊಂಡ. ಸ್ಟೀಮ್‌ನಲ್ಲಿ ನಾನು ಕೊಂಡ ಗೇಮುಗಳ ಪಟ್ಟಿ ತೆಗೆದು ಮೇಲಿಂದ ಕೆಳಗೆ ನೋಡುತ್ತಾ ಹೋದ.

‘ಮಾಮಾ, ಇದ್ರಾಗ ಒಮ್ಮೆನೂ ತೆಗೀಲಾರದ್ದು ಹತ್ತೊಂಬತ್ತು ಅದಾವು. ಕ್ಯಾಲೆಂಡರ್ ಕೊಡ್ರಿ ಇಲ್ಲೆ.’