ಪುಸ್ಸಿ ವಿಲೋ: ಕಡ್ಡಿ ಒಂದೇ, ನೀರಿದ್ದರೊಂದು ದಾರಿ, ಇಲ್ಲದಿದ್ದರೊಂದು

ಕಡ್ಡಿ ನೆಡುವುದು ನಮ್ಮ ಮಲೆನಾಡಿನವರಿಗೆ ಹೊಸದೇನಲ್ಲ. ಮಳೆ ಹಿಡಿಯುವ ಹೊತ್ತಿಗೆ ಬೇಲಿಗೆ ಗೊಬ್ಬರದ ಗಿಡದ ಗೂಟ ಹೊಡೆದರೆ, ಆಷಾಢ ಮುಗಿಯುವುದರೊಳಗೆ ಚಿಗುರಿ ನಿಂತಿರುತ್ತದೆ. ಆ ಗೂಟ ನೆನಪಿಟ್ಟುಕೊಳ್ಳಿ, ಈ ಪಾಠದ ಅರ್ಧ ಅಲ್ಲೇ ಇದೆ.

ಪುಸ್ಸಿ ವಿಲೋ ಅಂದರೆ ಉತ್ತರ ಅಮೆರಿಕದ ಸ್ಯಾಲಿಕ್ಸ್ ಡಿಸ್ಕಲರ್ ಅನ್ನುವ ಗಿಡ. ಯುರೋಪಿನ ಸ್ಯಾಲಿಕ್ಸ್ ಕ್ಯಾಪ್ರಿಯಾಕ್ಕೂ ಇದೇ ಹೆಸರಿದೆ. ಗಂಡು, ಹೆಣ್ಣು ಬೇರೆ ಬೇರೆ ಗಿಡ. ಎಲೆ ಬರುವ ಮೊದಲೇ ಬೋಳು ಕಡ್ಡಿಯ ಮೇಲೆ ಬೆಳ್ಳಿ ಬಣ್ಣದ ಹೂಗೊಂಚಲು ಕೂರುತ್ತದೆ. ಮುಟ್ಟಿದರೆ ಬೆಕ್ಕಿನ ಮರಿಯ ಪಾದದ ಹಾಗೆ ಮೆತ್ತಗೆ. ಹೂದಾನಿಗೆ ಗಂಡು ಗಿಡದ ಕಡ್ಡಿಯೇ ಚಂದ.

ಕೊಯ್ಲು ಅಲ್ಲಿನ ಚಳಿಗಾಲ ಮುಗಿಯುತ್ತಾ ಬಂದಾಗ. ಮೊಗ್ಗಿಗೆ ಒಂದೇ ಒಂದು ಪೊರೆ, ಹಾಳೆ ಟೊಪ್ಪಿ ಹಾಕಿಕೊಂಡ ಹಾಗೆ. ಟೊಪ್ಪಿ ಸಡಿಲಾಗಿ ಒಳಗಿನ ಬೆಳ್ಳಿ ಇಣುಕಿದರೆ ಕತ್ತರಿ ಹಾಕಬಹುದು. ಸ್ವಲ್ಪ ಮೊದಲೇ ಕೊಯ್ದರೂ ಪರವಾಗಿಲ್ಲ. ಬೆಚ್ಚಗಿನ ಕೋಣೆಯಲ್ಲಿ ನೀರಿಗೆ ಇಟ್ಟರೆ ಒಂದೆರಡು ವಾರದಲ್ಲಿ ಅರಳುತ್ತದೆ.

ಮುಖ್ಯ ವಿಷಯ ಇನ್ನು ಮುಂದೆ. ಬೆಳ್ಳಿ ಪೂರ್ತಿ ಕಂಡ ದಿನ ನೀರಿನಿಂದ ತೆಗೆದು, ಒಣ ಹೂದಾನಿಗೆ ಹಾಕಿಬಿಟ್ಟರೆ ಕಡ್ಡಿ ಹಾಗೇ ಒಣಗಿ ವರ್ಷಗಟ್ಟಲೆ ಇರುತ್ತದೆ. ನೀರಲ್ಲೇ ಬಿಟ್ಟರೆ ಅದು ಬದುಕು ಮುಂದುವರಿಸುತ್ತದೆ: ಕೇಸರ ಹೊರಬಂದು ಹಳದಿ ಪರಾಗ ಮೇಜಿನ ಮೇಲೆಲ್ಲ ಉದುರುತ್ತದೆ, ಗೊಂಚಲು ಕಳಚುತ್ತದೆ, ಬುಡದಲ್ಲಿ ಬಿಳಿ ಬೇರು ಬರುತ್ತದೆ. ಬೇರಿನ ಮೊಳಕೆಗಳು ತೊಗಟೆಯ ಕೆಳಗೆ ಮೊದಲೇ ತಯಾರಾಗಿ ಮಲಗಿರುತ್ತವೆ, ಅದಕ್ಕೇ ಇಷ್ಟು ಸುಲಭ. ಪೆನ್ಸಿಲ್ ದಪ್ಪದ, ಒಂದಡಿ ಉದ್ದದ ಕಡ್ಡಿ ಸಾಕು. ನೆಡುವ ಜಾಗಕ್ಕೆ ಬಿಸಿಲೂ ಬೇಕು, ತೇವವೂ ಬೇಕು. ಚರಂಡಿ ಪೈಪಿನ ಹತ್ತಿರ ಮಾತ್ರ ಬೇಡ, ಬೇರು ನೀರು ಹುಡುಕಿಕೊಂಡು ಒಳಗೇ ನುಗ್ಗುತ್ತದೆ. ಸವರುವುದು ಹೂವು ಮುಗಿದ ಕೂಡಲೇ. ತಡ ಮಾಡಿದರೆ ಮುಂದಿನ ವರ್ಷದ ಮೊಗ್ಗೂ ಹೋಯಿತು.

ಒಣಗಿಸಿದ್ದಕ್ಕೆ ನಮ್ಮ ಮಳೆಗಾಲವೇ ಶತ್ರು. ಚಿಕ್ಕಮ್ಮನ ಮಗಳು ಅಮೆರಿಕದಿಂದ ತಂದ ಒಣ ಕಡ್ಡಿಗಳು ತೀರ್ಥಹಳ್ಳಿಯ ಮನೆ ಜಗಲಿಯಲ್ಲಿದ್ದವು. ಜುಲೈ ಹೊತ್ತಿಗೆ ಬೂಷ್ಟು ಹಿಡಿಯಿತು. ಒಣಗಲಿ ಅಂತ ಚಿಕ್ಕಮ್ಮ ಒಲೆ ಮೇಲಿನ ಅಟ್ಟಕ್ಕೆ ಏರಿಸಿದರು. ಬೂಷ್ಟೇನೋ ಹೋಯಿತು, ಬೆಳ್ಳಿ ಹೊಗೆ ಕುಡಿದು ಮಸಿಯಾಯಿತು! ಮೇ ತಿಂಗಳಲ್ಲೇ ಗಾಳಿಯಾಡದ ಡಬ್ಬಿಗೆ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಬೇಕಿತ್ತು.

ಇಲ್ಲೇ ಬೆಳೆಸಬಹುದಲ್ವಾ ಅಂತ ಕೇಳಬಹುದು. ಕಡ್ಡಿ ಚಿಗುರಬಹುದು, ಆದರೆ ಮೊಗ್ಗು ಎಚ್ಚರವಾಗಲು ವಾರಗಟ್ಟಲೆ ಕೊರೆಯುವ ಚಳಿ ಬೇಕು. ಶಿವಮೊಗ್ಗದ ಡಿಸೆಂಬರ್ ಸಾಲದು. ಹಸಿ ಕಡ್ಡಿಯನ್ನು ಹೊರದೇಶದಿಂದ ಸುಮ್ನೆ ಬ್ಯಾಗಿನಲ್ಲಿ ತರುವ ಹಾಗೂ ಇಲ್ಲ, ಪರವಾನಗಿ ಬೇಕು.

ಅಭ್ಯಾಸಕ್ಕೆ ನಮ್ಮದೇ ವಿಲೋ ಇದೆ. ಪಶ್ಚಿಮ ಘಟ್ಟದ ಹೊಳೆ ದಂಡೆಗಳಲ್ಲಿ ಬೆಳೆಯುವ ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ. ಅಂಥ ಬೆಳ್ಳಿ ಉಂಡೆ ಅದರಲ್ಲಿಲ್ಲ, ಆದರೆ ಕಡ್ಡಿಯಿಂದ ಬೇರು ಬರುತ್ತದೆ. ಕತ್ತರಿಸುವಾಗ ಬುಡ ಓರೆ, ತುದಿ ನೇರ ಇರಲಿ. ನಾನು ಎರಡೂ ಕಡೆ ಒಂದೇ ಥರ ಕತ್ತರಿಸಿ, ಮೊಗ್ಗು ಯಾವ ಕಡೆ ನೋಡುತ್ತಿದೆ ಅಂತ ಹನ್ನೆರಡು ಕಡ್ಡಿ ತಿರುಗಿಸುತ್ತಾ ಕೂತಿದ್ದೆ.