ಅಡಿಕೆ ಕದ್ದ ಹುಡುಗ, ಅಳಿಯದ ವೀಡಿಯೊ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಮನೆಯ ಅಂಗಳದಿಂದ ಎರಡು ಗೋಣಿ ಚಾಲಿ (ಬಿಸಿಲಲ್ಲಿ ಒಣಗಿಸಿದ) ಅಡಿಕೆ ಕದ್ದ ಹತ್ತೊಂಬತ್ತರ ಹುಡುಗನ ವಕಾಲತ್ತು ನನ್ನದಾಗಿತ್ತು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕದ್ದದ್ದು ನಿಜ, ಕೋರ್ಟಿನಲ್ಲಿ ಒಪ್ಪಿಕೊಂಡ. ಹಿಂದೆ ಬೇರೆ ಕೇಸಿರಲಿಲ್ಲ. ಆದರೆ ಅವನನ್ನು ಕಂಗಿಗೆ, ಅಂದರೆ ಅಡಿಕೆ ಮರಕ್ಕೆ, ಕಟ್ಟಿ ತೆಗೆದ ವೀಡಿಯೊ ಅಷ್ಟರಲ್ಲಿ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತ್ತು (ಹಾಗೆ ಕಟ್ಟಿಹಾಕುವುದೂ ಅಪರಾಧವೇ). 'ಕುಖ್ಯಾತ ಅಡಿಕೆ ಕಳ್ಳ ಸೆರೆ' ಎಂದು ಸುದ್ದಿಯೂ ಬಂತು. ಮೊದಲ ಸಲ ಸಿಕ್ಕಿಬಿದ್ದವನನ್ನು ಕುಖ್ಯಾತ ಎನ್ನುವುದು ಸುಳ್ಳು.

ಇಂಥವರಿಗೆಂದೇ, ಜೈಲಿನ ಬದಲು ಸನ್ನಡತೆಯ ಷರತ್ತಿನ ಮೇಲೆ ಬಿಡುವ 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆ ಇದೆ. ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ 21 ತುಂಬದವರನ್ನು ಜೈಲಿಗೆ ಕಳಿಸಬಾರದು, ಕಳಿಸಲೇಬೇಕಾದರೆ ಕಾರಣ ಬರೆಯಬೇಕು ಎನ್ನುತ್ತದೆ ಅದರ 6ನೇ ಸೆಕ್ಷನ್. ಲೆಕ್ಕಕ್ಕೆ ಬರುವುದು ಕದ್ದ ದಿನದ ವಯಸ್ಸಲ್ಲ, ತಪ್ಪಿತಸ್ಥನೆಂದು ಕೋರ್ಟು ಹೇಳಿದ ದಿನದ್ದು. ಕೇಸು ಎಳೆದರೆ ಈ ರಕ್ಷಣೆ ಕೈತಪ್ಪುತ್ತದೆ. ಐಪಿಸಿಯ ಬದಲಿಗೆ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೊದಲ ಸಲ ಕದ್ದವರಿಗೆ ಸಮುದಾಯ ಸೇವೆಯೂ ಉಂಟು, ಆದರೆ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇರಬೇಕು. ಎರಡು ಗೋಣಿ ಚಾಲಿ ಆ ಮಿತಿಯನ್ನು ಎಲ್ಲೋ ದಾಟುತ್ತದೆ, ದರ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಜೈಲಿಗೋ ಬಾಂಡಿಗೋ ಎಂದು ಕೋರ್ಟು ತೀರ್ಮಾನಿಸುವ ಮೊದಲು ಪ್ರೊಬೇಷನ್ ಅಧಿಕಾರಿ ಹುಡುಗನ ನಡತೆ, ಮನೆಯ ಸ್ಥಿತಿ ವಿಚಾರಿಸಿ ವರದಿ ಕೊಡಬೇಕು. ನನ್ನ ಅನುಭವದಲ್ಲಿ ಇಡೀ ಕೇಸು ನಿಲ್ಲುವುದು ಈ ವರದಿಯ ಮೇಲೆ. ಅಮ್ಮ ಕನ್ನಡದಲ್ಲಿ ಹೇಳಿದ್ದು ಮಲಯಾಳದಲ್ಲಿ ಕಾಗದಕ್ಕಿಳಿಯುವಾಗ ಅರ್ಧ ಬಿಟ್ಟುಹೋಗುತ್ತದೆ. ಹಾಗಾಗಿ ಅಧಿಕಾರಿ ವಿಚಾರಿಸುವ ದಿನ ಎರಡೂ ಭಾಷೆ ಬಲ್ಲ ಒಬ್ಬರನ್ನು, ಪಂಚಾಯತು ಮೆಂಬರನ್ನಾದರೂ, ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದು ಕಕ್ಷಿದಾರರಿಗೆ ತಪ್ಪದೆ ಹೇಳುತ್ತೇನೆ. ಇವನ ವರದಿ ನೆಟ್ಟಗಿತ್ತು. ಎರಡು ವರ್ಷದ ಸನ್ನಡತೆಯ ಬಾಂಡ್ ಬರೆದುಕೊಟ್ಟು ಹೊರಬಂದ. 5ನೇ ಸೆಕ್ಷನ್ ಪ್ರಕಾರ ತೋಟದವರಿಗೆ ಪರಿಹಾರವನ್ನೂ ಕಟ್ಟಿದ. ಬೆಳೆದು, ಒಣಗಿಸಿ, ಕಳಕೊಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವನು ಜೈಲಿನಲ್ಲಿ ಕೂತಿದ್ದರೆ ಅವರ ಕೈಗೆ ಆ ಹಣ ಬರುತ್ತಿರಲಿಲ್ಲ.

ಹೀಗೆ ಬಿಡುಗಡೆಯಾದವನಿಗೆ ಅಪರಾಧದಿಂದ ಬರುವ ಕಾನೂನಿನ ಅನರ್ಹತೆ ತಟ್ಟಬಾರದು ಎನ್ನುತ್ತದೆ 12ನೇ ಸೆಕ್ಷನ್. ಮಂಗಳೂರಿನ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮೂರನೇ ದಿನ ಯಾರೋ ಮಾಲಕರಿಗೆ ಆ ವೀಡಿಯೊ ತೋರಿಸಿದರು. ಸಂಜೆ ಬಸ್ಸು ಹತ್ತಿ ವಾಪಸು ಬಂದ.

ಹದಿನೆಂಟು ತುಂಬದವನಾಗಿದ್ದರೆ, ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅವನ ಹೆಸರು, ಮುಖ ಪ್ರಕಟಿಸಿದವರಿಗೇ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹತ್ತೊಂಬತ್ತರವನಿಗೆ ಆ ಮರೆ ಇಲ್ಲ. ಪತ್ರಕರ್ತ ಮಿತ್ರರಲ್ಲಿ ನನ್ನದೊಂದೇ ಕೋರಿಕೆ: ಬಂಧನದ ದಿನ ಬರೆದವರು ತೀರ್ಪಿನ ದಿನವೂ ಬನ್ನಿ. ಅವನ ತೀರ್ಪಿನ ದಿನ ಒಬ್ಬ ವರದಿಗಾರರೂ ಇರಲಿಲ್ಲ.

"ವಕೀಲ್ರೇ, ಆ ವೀಡಿಯೊ ತೆಗೆಸ್ಲಿಕ್ಕೆ ಅರ್ಜಿ ಹಾಕ್ಲಿಕ್ಕೆ ಆಗ್ತದಾ?" ಎಂದು ಅವನ ಅಮ್ಮ ಕೇಳಿದರು. ಯಾರ ಮೇಲೆ ಹಾಕುವುದು? ಅದು ಎಷ್ಟೋ ಕೈ ದಾಟಿಯಾಗಿದೆ. ಆ ಗ್ರೂಪುಗಳಿಗೆ ತೀರ್ಪಿನ ಪ್ರತಿಯನ್ನಾದರೂ ಕಳಿಸೋಣ ಎಂದೆ. ಹುಡುಗ ತಲೆಯಾಡಿಸಿದ.

"ಬೇಡ ಸಾರ್. ಅದನ್ನು ಓದಿದವ್ರು ಪುನಃ ವೀಡಿಯೊ ಹುಡುಕ್ತಾರೆ."